ಹಿತ್ತಲ ಧಾರವಾಡ

ನಮ್ಮ ಮನೆಯಲ್ಲಿ ಬೇಳೆ ತೊಳೆದ ನೀರನ್ನು ಕೂಡ ಸುಮ್ಮನೆ ಚೆಲ್ಲುವಂತಿಲ್ಲ, ಅದು ದಾಸವಾಳದ ಗಿಡಕ್ಕೆ ಹೋಗಬೇಕು. ಮುಗಿಯಿತು ಎಂದು ನಾವು ಎಸೆದ ಟೂತ್‌ಪೇಸ್ಟಿನ ಟ್ಯೂಬನ್ನು ನಮ್ಮವರು ಕತ್ತರಿಯಿಂದ ಸೀಳಿ ಇನ್ನೊಂದು ವಾರ ಹಲ್ಲುಜ್ಜುತ್ತಾರೆ. ಬಡತನ ಅಂದುಕೊಳ್ಳಬೇಡಿ. ಐಗಳಿಯಲ್ಲಿ ನಮಗೆ ದ್ರಾಕ್ಷಿ ತೋಟವಿದೆ, ಮನೆಯ ಹಿಂದೆಯೇ ಒಣದ್ರಾಕ್ಷಿ ಮಾಡುವ ಶೆಡ್ಡಿದೆ, ಹೊಟ್ಟೆಬಟ್ಟೆಗೆ ಕೊರತೆ ಇಲ್ಲ. ಇದು ನನ್ನ ಗಂಡ ಭಾವುಸಾಹೇಬರ ಸ್ವಭಾವ, ಅಷ್ಟೇ. ಅವರು ಅದನ್ನು ಕಾಟಕಸರು, ಅಂದರೆ ಹಿತಮಿತದ ಖರ್ಚು, ಅನ್ನುತ್ತಾರೆ. ನನ್ನ ಬಾಯಲ್ಲಿ ಅದಕ್ಕೆ ಬೇರೆ ಹೆಸರಿದೆ, ಅತ್ತೆ ಎದುರಿಗಿದ್ದಾಗ ಮಾತ್ರ ಹೇಳುವುದಿಲ್ಲ.

ಇಂಥ ಮನೆಯಲ್ಲಿ ನಮ್ಮ ಒಬ್ಬಳೇ ಮಗಳು ಮಯೂರಿಗೆ ಧಾರವಾಡದಲ್ಲಿ ಕೃಷಿ ಬಿ.ಎಸ್ಸಿ. ಸೀಟು ಸಿಕ್ಕಿತು. ಸುದ್ದಿ ಬಂದ ದಿನ ನಮ್ಮವರು ಯಾರೂ ಕೇಳದೆ ಅರ್ಧ ಕಿಲೋ ಪೇಢೆ ತಂದರು. ಪೇಢೆಯ ಡಬ್ಬಿಯನ್ನು ತೊಳೆದು ಎತ್ತಿಟ್ಟುಕೊಂಡರು ಅನ್ನುವುದು ಬೇರೆ ಮಾತು. ಈ ಸಂಭ್ರಮ ನಡೆದಿರುವಾಗಲೇ ಅಲ್ಲಿಯ ಹಾಸ್ಟೆಲಿನಲ್ಲಿ ರಾತ್ರಿ ಊಟ ಎಂಟು ಗಂಟೆಗೆ ಎಂದು ತಿಳಿಯಿತು, ಮನೆ ತಣ್ಣಗಾಯಿತು.

ನಾವು ಜೈನರು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಈಗಿನ ಕಾಲದಲ್ಲಿ ಇದನ್ನು ಸಡಿಲ ಮಾಡಿಕೊಂಡವರು ಊರಲ್ಲೇ ಬೇಕಾದಷ್ಟು ಜನ ಇದ್ದಾರೆ, ಅವರನ್ನು ನಾನು ಬೈಯುವುದಿಲ್ಲ. ಆದರೆ ನಮ್ಮ ಅತ್ತೆ ಹೊತ್ತು ಮುಳುಗಿದರೆ ನೀರನ್ನೂ ಮುಟ್ಟುವುದಿಲ್ಲ. ಮಯೂರಿ ನಡೆಯಲು ಕಲಿತಾಗಿನಿಂದ ಅತ್ತೆಯ ಪಕ್ಕದಲ್ಲಿ ಕುಳಿತು ಉಂಡವಳು, ಯಾರ ಒತ್ತಾಯವೂ ಇಲ್ಲದೆ ಅದನ್ನೇ ತನ್ನ ನೇಮ ಮಾಡಿಕೊಂಡಿದ್ದಾಳೆ. ಎಂಟಕ್ಕೆ ಬಡಿಸುವ ಊಟ ಅವಳ ಪಾಲಿಗೆ ಇಲ್ಲದ ಹಾಗೆಯೇ. ಆದರೆ ಮೆಸ್ಸಿನಲ್ಲಿ ಉಂಡರೂ ಅಷ್ಟೇ ದುಡ್ಡು, ಉಣ್ಣದಿದ್ದರೂ ಅಷ್ಟೇ ದುಡ್ಡು.

"ಉಣ್ಣಲಾರದ ಊಟಕ್ಕ ರೊಕ್ಕಾ ಕೊಡೂದ?" ಎಂದು ನಮ್ಮವರು ಕೂತಲ್ಲಿಂದ ಎದ್ದೇ ನಿಂತರು. ಮಗಳು ಉಪವಾಸ ಬೀಳುತ್ತಾಳೆ ಅನ್ನುವುದಕ್ಕಿಂತ ಅನ್ನ ದಂಡವಾಗುತ್ತದೆ ಅನ್ನುವುದೇ ಅವರಿಗೆ ಹೆಚ್ಚು ನೋವು ಮಾಡಿತೋ ಏನೋ, ಆ ಗಳಿಗೆಯಲ್ಲಿ ನನಗೆ ಹಾಗೇ ಅನ್ನಿಸಿತು.

ಧಾರವಾಡದಲ್ಲಿ ಜೈನರೇ ಒಬ್ಬರ ಮನೆಯಲ್ಲಿ ಒಂದು ಸಣ್ಣ ಕೋಣೆ ಬಾಡಿಗೆಗೆ ಇತ್ತು. ಅದರಲ್ಲಿದ್ದು ಕೈಯಾರೆ ಅಡಿಗೆ ಮಾಡಿಕೊಂಡರೆ ಖರ್ಚೂ ಕಡಿಮೆ, ನೇಮವೂ ಉಳಿಯುತ್ತದೆ. ಇಷ್ಟು ಸರಳ ದಾರಿ ಇರುವಾಗ ಇವರು ಇನ್ನೊಂದು ತಕರಾರು ತೆಗೆದರು.

"ಇಕಿಗೆ ನೆಟ್ಟಗ ಚಹಾ ಕಾಸಾಕ ಬರಾಂಗಿಲ್ಲ. ಮಳ್ಳಿಯಂಗ ಮೂರ ಬಕೀಟ ನೀರು ಸುರಕೊಂಡ ಜಳಕಾ ಮಾಡ್ತಾಳ. ಒಂದ ತಿಂಗಳದಾಗ ಕ್ವಾಣಿ ಬಿಟ್ಟ ಓಡಿ ಬರ್ತಾಳ, ನೋಡ. ಅಥಣ್ಯಾಗ ಕಾಲೇಜ ಐತಿ. ಮನ್ಯಾಗಿಂದ ಹೋಗಿ ಬರಲಿ."

ಮಯೂರಿ ನನ್ನ ಮಗಳು. ಅಂದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಹಂಗಾರ ಇಲ್ಲೇ ಮಾಡಿ ತೋರಸ್ತೇನಿ, ಅಪ್ಪಾ. ಶೆಡ್ಡಿನ ಕ್ವಾಣಿ ನನಗ ಕೊಡ. ಎಂಟ ದಿನ ಅದ ಧಾರವಾಡ. ಮನೀಗೆ ಬರಾಂಗಿಲ್ಲ, ಏನೂ ಬೇಡಾಂಗಿಲ್ಲ, ಹೊತ್ತ ಮುಳಗೂದ್ರಾಗ ಮಾಡಿಕೊಂಡ ಉಣ್ತೇನಿ."

"ಆಗಲಿಲ್ಲಂದ್ರ?"

"ಅಥಣಿ ಕಾಲೇಜಿಗೆ ಹೆಸರ ಹಚ್ಚ. ಬಾಯಿ ಬಿಡಾಂಗಿಲ್ಲ ನಾ."

ಹೀಗೆ ಮಾತಿನ ಭರದಲ್ಲಿ ಹುಡುಗಿ ತನ್ನ ನಾಲ್ಕು ವರ್ಷವನ್ನು ಪಣಕ್ಕೆ ಇಟ್ಟುಬಿಟ್ಟಳು. ಹೆತ್ತವಳಾಗಿ ನಾನು ಅಲ್ಲೇ ತಡೆಯಬೇಕಿತ್ತು. ತಡೆಯಲಿಲ್ಲ. ನಿಜ ಹೇಳುತ್ತೇನೆ, ನಾನು ಬಾಯಲ್ಲಿ ಮಗಳ ಕಡೆಗಿದ್ದೆ, ಒಳಗೆ ಯಾವ ಕಡೆಗಿದ್ದೆನೋ ನನಗೇ ಗೊತ್ತಿರಲಿಲ್ಲ.

ದ್ರಾಕ್ಷಿ ಒಣಗಿಸುವ ಕೆಲಸ ಬೇಸಿಗೆಯಲ್ಲೇ ಮುಗಿದಿತ್ತು. ಆಗಸ್ಟ್ ತಿಂಗಳಲ್ಲಿ ಶೆಡ್ಡು ಖಾಲಿ. ಅದರ ಪಕ್ಕದ ಕೋಣೆಯಲ್ಲಿ ಔಷಧದ ಡಬ್ಬಿ, ಹರಿದ ಬಲೆ, ರಟ್ಟಿನ ಪೆಟ್ಟಿಗೆ ತುಂಬಿದ್ದವು. ನಮ್ಮ ಆಳು ಮಲಕಾರಿ ಅದನ್ನೆಲ್ಲ ಹೊರಗೆ ಹಾಕಿ ಗುಡಿಸಿಕೊಟ್ಟ. ಧಾರವಾಡಕ್ಕೆ ಒಯ್ಯುವ ಸಾಮಾನು ಮಾತ್ರ ಕೋಣೆಗೆ ಹೋಗಬೇಕು ಎಂದು ಕರಾರಾಯಿತು. ಹೊಸದು ಏನನ್ನೂ ಕೊಳ್ಳಬಾರದು ಅನ್ನುವುದನ್ನು ಬೇರೆ ಹೇಳಬೇಕಿರಲಿಲ್ಲ. ನನ್ನ ಹಳೆಯ ಸೀರೆಗಳಿಂದ ಅತ್ತೆ ಹೊಲಿದ ಕೌದಿ ಹಾಸಿಗೆಯಾಯಿತು. ಒಣದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಕುಳಿತು ಪುಸ್ತಕದ ಕಪಾಟಾದವು. ಸೀಳಿದ ಬಕೀಟನ್ನು ನಮ್ಮವರು ಕಾಸಿದ ಚೂರಿಯಿಂದ ಸುಟ್ಟು ಬೆಸೆದರು. ಶೆಡ್ಡಿನ ಹಸಿರು ಬಲೆಯನ್ನು ಕತ್ತರಿಸಿ ಕಿಟಕಿಗೆ ಸೊಳ್ಳೆ ಪರದೆ ಕಟ್ಟಿದರು. ಸೋಲಲಿ ಎಂದು ಹಟ ಹಿಡಿದ ಮನುಷ್ಯ ಇಷ್ಟು ಮುತುವರ್ಜಿಯಿಂದ ಪರದೆ ಕಟ್ಟುತ್ತಾನೆಯೇ ಎಂದು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಕಾಲೇಜು ಬೇಕಲ್ಲ? ಅಥಣಿಯ ಲೈಬ್ರರಿಯೇ ಕಾಲೇಜು. ಬೆಳಗ್ಗೆ ಬಸ್ಸಿಗೆ ಹೋಗಿ, ದಿನವೆಲ್ಲ ಅಲ್ಲಿ ಕುಳಿತು ಓದಿ, ಐದು ಗಂಟೆಯ ಮೇಲೆ ಹೊರಡಬೇಕು. ಧಾರವಾಡದಲ್ಲೂ ಕ್ಲಾಸು ಬಿಡುವುದು ಐದಕ್ಕೇ, ಅಲ್ಲಿಯ ಕೋಣೆಗೂ ಬಸ್ಸು ಹತ್ತಿಯೇ ಹೋಗಬೇಕು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದದ್ದರಿಂದ ನಮ್ಮವರು ಈ ಏರ್ಪಾಟಿಗೆ ತುಟಿ ಪಿಟ್ಟೆನ್ನಲಿಲ್ಲ. ಬಸ್ಸು ಇಳಿದು ಮನೆ ಸೇರುವಾಗ ಆರಕ್ಕೆ ಹತ್ತು ನಿಮಿಷ ಇರುತ್ತಿತ್ತು. ಆಮೇಲೆ ನೀರು ತುಂಬಿಕೊಂಡು, ಒಂದೇ ಬರ್ನರಿನ ಸಣ್ಣ ಒಲೆಯ ಮೇಲೆ ಅಡಿಗೆ ಮಾಡಿ, ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸಬೇಕು.

ಎಲ್ಲಕ್ಕಿಂತ ಹೆಚ್ಚು ಖುಷಿಯಾದದ್ದು ಅತ್ತೆಗೆ. ಅವರು ತಾವೇ ಧಾರವಾಡದ ಮನೆ ಮಾಲಕಿಯಾಗಿಬಿಟ್ಟರು. ಮೊದಲ ದಿನ ಸಂಜೆಯೇ ಸೆರಗು ಹೊದ್ದು, ಕೋಲು ಹಿಡಿದು, ಹಿತ್ತಲಿಗೆ ಹೋಗಿ ಕೋಣೆಯ ಬಾಗಿಲು ಬಡಿದರು. ನಾನು ಅಡಿಗೆ ಮನೆಯ ಕಿಟಕಿಯಿಂದ ಕೇಳುತ್ತಿದ್ದೆ.

"ಯಾರ್ರೀ ಒಳಗ? ಹೊಸಾ ಹುಡುಗೀನ? ನಳದ ನೀರ ಇಷ್ಟ ಬಿಡಬ್ಯಾಡ್ರೀ. ನಮ್ಮ ಧಾರವಾಡದಾಗ ಹತ್ತ ದಿನಕ್ಕೊಮ್ಮೆ ನೀರ ಬರ್ತಾವ."

"ಆಯೀ, ನಾ ಇನ್ನ ನಳಾನ ಮುಟ್ಟಿಲ್ಲ!"

"ಆಯಿ ಯಾರ್ರೀ? ನಾ ಮಾಲಕಿ ಅದೇನಿ. ನಿಮ್ಮ ಆಯಿ ಐಗಳ್ಯಾಗ ಇರತಾರ. ಪಾಪ, ಭಾಳ ಛಲೋ ಹೆಣ್ಣಮಗಳಂತ, ಕೇಳೇನಿ."

ಮಲಕಾರಿ ನಗು ತಡೆಯಲಾರದೆ ದನದ ಮರೆಗೆ ಹೋಗಿ ನಿಂತ. ಅತ್ತೆ ಮಾತ್ರ ಎಂಟು ದಿನವೂ ನಗದೆ ಆ ಪಾತ್ರ ನಡೆಸಿದರು. ಮೊಮ್ಮಗಳನ್ನು ರೀ ಹಚ್ಚಿ ಮಾತಾಡಿಸಿದರು, ದೀಪ ಆರಿಸಿದಳೋ ಇಲ್ಲವೋ ಎಂದು ಇಣುಕಿದರು. ಒಮ್ಮೆ ಬಾಡಿಗೆ ಹೆಚ್ಚು ಮಾಡುವ ಬೆದರಿಕೆಯನ್ನೂ ಹಾಕಿದರು.

ನನ್ನ ಪಾತ್ರ ಎಲ್ಲರಿಗಿಂತ ಕೆಟ್ಟದ್ದು. ತಾಯಿ ಊರಲ್ಲಿರುತ್ತಾಳೆ, ಕೋಣೆಯ ಕಡೆ ಹೋಗುವಂತಿಲ್ಲ, ಫೋನಿನಲ್ಲಿ ಮಾತಾಡಬಹುದು. ಹಿತ್ತಲ ಆಚೆ ಮಗಳು ಕಿಟಕಿಯಲ್ಲಿ ಕುಳಿತು ಫೋನು ಹಿಡಿದಿದ್ದಾಳೆ, ಈಚೆ ನಾನು ಕಿಟಕಿಯಲ್ಲಿ ನಿಂತು ಫೋನು ಹಿಡಿದಿದ್ದೇನೆ. ಅವಳ ತುಟಿ ಅಲುಗುವುದು ಮೊದಲು ಕಾಣುತ್ತಿತ್ತು, ಆಮೇಲೆ ಮಾತು ಕೇಳಿಸುತ್ತಿತ್ತು.

"ಏನ ಮಾಡಿದೆವಾ ಇವತ್ತ?"

"ರೊಟ್ಟಿ, ಹೆಸರಬ್ಯಾಳಿ."

"ರೊಟ್ಟಿ ಹೆಂಗ ಆಗ್ಯಾವ?"

"ಅವ್ವಾ, ರೊಟ್ಟಿ ವಿಷಯ ಬಿಟ್ಟ ಬ್ಯಾರೆ ಏನರ ಕೇಳ."

ಮೊದಲ ದಿನದ ರೊಟ್ಟಿಯನ್ನು ಮಲಕಾರಿ ನೋಡಿಬಂದಿದ್ದ. ಒಂದು ಕಡೆ ಹಸಿ, ಇನ್ನೊಂದು ಕಡೆ ಕರಕಲು, ನಡುವೆ ತೂತು. ಎಮ್ಮೆ ಕೂಡ ಯೋಚನೆ ಮಾಡಿ ತಿಂದಿತು ಎಂದ. ಎರಡನೆಯ ದಿನ ಅನ್ನ ತಳ ಹಿಡಿಯಿತು. ಮೂರನೆಯ ದಿನ ಬೇಳೆ ಬೇಯುವ ಮೊದಲೇ ಹೊತ್ತು ಮುಳುಗುತ್ತ ಬಂದು, ಹುಡುಗಿ ಶೇಂಗಾ ಬೆಲ್ಲ ಬಾಯಿಗೆ ಹಾಕಿಕೊಂಡದ್ದಷ್ಟೇ ಊಟ. ಅದನ್ನು ಕಿಟಕಿಯಿಂದ ಕಂಡು ನಾನು ತಾಟು ಬಿಟ್ಟು ಎದ್ದೆ. ಗಂಡನ ಮೇಲೆ ಹರಿಹಾಯ್ದೆ. "ನಿಮ್ಮ ಕಾಟಕಸರಿಗೆ ಬೆಂಕಿ ಹತ್ತಲಿ. ಹೆತ್ತ ಮಗಳ ಹಿತ್ತಲದಾಗ ಉಪವಾಸ, ನೀವಿಲ್ಲಿ ಎರಡನೇ ರೊಟ್ಟಿ ಮುರ್ಯಾಕತ್ತೀರಿ!" ಅವರು ಎರಡನೆಯ ರೊಟ್ಟಿಯನ್ನು ಬುಟ್ಟಿಗೆ ವಾಪಸು ಇಟ್ಟರು.

ಆದರೆ ನಾಲ್ಕನೆಯ ದಿನದಿಂದ ಹುಡುಗಿ ದಾರಿಗೆ ಬಂದಳು. ಬೆಳಗ್ಗೆ ಹೋಗುವಾಗಲೇ ಬೇಳೆ ನೆನೆ ಹಾಕಿ ಹೋದಳು. ಒಂದೇ ಬಕೀಟಿನಲ್ಲಿ ಜಳಕ ಮಾಡಿ ಅದೇ ನೀರಲ್ಲಿ ಕಾಲೊರಸು ತೊಳೆದಳು, ಇದನ್ನು ನಮ್ಮವರು ಊರೆಲ್ಲ ಹೇಳಿಕೊಂಡು ಬಂದರು. ಆರನೆಯ ದಿನ ರೊಟ್ಟಿ ಉಬ್ಬಿತು. ಏಳನೆಯ ದಿನ ಮಾಲಕಿ ಕೋಣೆಯೊಳಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಅವರ ಸೆರಗಿಗೆ ಶೇಂಗಾ ಚಟ್ನಿ ಹತ್ತಿತ್ತು.

ಎಂಟನೆಯ ದಿನ ಸಂಜೆ ನನಗೂ ಅಪ್ಪಣೆ ಸಿಕ್ಕಿತು. ನಾವೆಲ್ಲ ಬೇಗ ಉಂಡು ಶೆಡ್ಡಿನ ಮುಂದೆ ನೆರೆದೆವು. ಮಯೂರಿ ಬಸ್ಸಿಳಿದು ಬಂದು, ನಮ್ಮೆದುರಿಗೇ ಬೇಳೆ ಕೂಗಿಸಿ, ರೊಟ್ಟಿ ಬಡಿದು, ಮಡಕಿಕಾಳಿನ ಪಲ್ಯ ಮಾಡಿ, ಬಾಗಿಲಲ್ಲಿ ಕುಳಿತು ನಿಧಾನವಾಗಿ ಉಂಡು ಕೈ ತೊಳೆದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ನಮ್ಮವರು ಕೈಗಡಿಯಾರ ನೋಡಿಕೊಂಡರು, ಮಗಳನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. "ಹೂಂ" ಅಂದರು. ಅವರ ಬಾಯಿಂದ ಅದು ದೊಡ್ಡ ಬಿರುದು.

ನಾನು ಮಾತ್ರ ಶೆಡ್ಡಿನ ಬಲೆಯ ಮೇಲೆ ಬಿದ್ದ ಬಿಸಿಲನ್ನೇ ನೋಡುತ್ತಿದ್ದೆ. ಎಷ್ಟು ಚೆನ್ನಾದ ಬಿಸಿಲು! ಮುಂದೆ ಚಳಿಗಾಲದಲ್ಲಿ ಇಷ್ಟು ಹೊತ್ತಿಗೆ ಇದೇ ಹಿತ್ತಲಲ್ಲಿ ಏನೂ ಕಾಣುವುದಿಲ್ಲ. ಎಮ್ಮೆ ಹಿಂಡುವ ಮೊದಲೇ ನಾವು ಉಂಡು, ಬಾಯಿ ಮುಕ್ಕಳಿಸಿ, ದೀಪ ಹಚ್ಚಿರುತ್ತೇವೆ. ಆಗ ಹೊತ್ತು ಮುಳುಗುವುದು ಆರಕ್ಕೆ. ಐದಕ್ಕೆ ಕ್ಲಾಸು ಬಿಟ್ಟು, ಬಸ್ಸು ಹತ್ತಿ, ಆರಕ್ಕೆ ಹತ್ತು ನಿಮಿಷ ಇರುವಾಗ ಕೋಣೆ ಸೇರುವವಳು ಏನು ಮಾಡಿ ಏನು ಉಂಡಾಳು? ಇಷ್ಟು ಜನ ದೊಡ್ಡವರು ಎಂಟು ದಿನ ಕುಣಿದೆವು, ಒಬ್ಬರಿಗೂ ಇದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನಾವು ಹುಟ್ಟಿದಾಗಿನಿಂದ ಅಂಗಳ ನೋಡಿ ಉಂಡವರು. ಬಿಸಿಲು ಇಳಿದ ಹಾಗೆ ನಮ್ಮ ಊಟವೂ ತಾನೇ ಹಿಂದೆ ಮುಂದೆ ಸರಿದುಕೊಳ್ಳುತ್ತದೆ. ಗಡಿಯಾರ ನೋಡುವ ಕಾಲೇಜಿಗೆ ಆ ಸವಲತ್ತಿಲ್ಲ.

ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಮಗಳು ಗೆದ್ದು ಹೋಗುತ್ತಾಳೆ, ಚಳಿಗಾಲದಲ್ಲಿ ಯಾರೂ ಇಲ್ಲದ ಊರಲ್ಲಿ ದಿನವೂ ಹಸಿದು ಮಲಗುತ್ತಾಳೆ. ಹೇಳಿದರೆ ಮನೆಯಲ್ಲೇ ಉಳಿಯುತ್ತಾಳೆ. ಉಳಿದರೆ ನನಗೆ ಸಂತೋಷವಾಗುತ್ತದೆ ಅನ್ನುವುದೇ ನನ್ನನ್ನು ಹೆದರಿಸಿತು. ಆದರೂ ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ?

"ಇದು ಆಗಸ್ಟ ಐತಿ. ಡಿಸೆಂಬರದಾಗ ಏನ ಮಾಡ್ತಿ? ಆರಕ್ಕ ಹೊತ್ತ ಮುಳಗತೈತಿ," ಅಂದೆ.

ಎಲ್ಲರೂ ಬಿಸಿಲಿನ ಕಡೆ ತಿರುಗಿದರು. ಮಲಕಾರಿಯೂ ತಿರುಗಿದ. "ಹೌದಲ್ಲ..." ಎಂದರು ನಮ್ಮವರು. ಗೆದ್ದ ಧ್ವನಿಯಾಗಿರಲಿಲ್ಲ ಅದು, ಜೇಬಲ್ಲಿದ್ದದ್ದು ಬಿದ್ದುಹೋದವರ ಧ್ವನಿಯಾಗಿತ್ತು.

ಮಯೂರಿ ನನ್ನ ಮುಖ ನೋಡಿದಳು. "ನಿನಗ ನಾ ಹೋಗೂದ ಬ್ಯಾಡಾಗೈತಿ, ಅವ್ವಾ. ಬಾಯಿಲೇ ಒಂದ ಅಂತಿ, ಒಳಗ ಒಂದ ಐತಿ."

"ಹೌದ, ಬ್ಯಾಡಾಗೈತಿ!" ಎಂದೆ ನಾನೂ ಸಿಟ್ಟಿನಲ್ಲಿ. "ನೀ ಹೋದ್ರ ಈ ಮನ್ಯಾಗ ನಾ ಯಾರ ಕೂಡ ಜಗಳಾಡ್ಲಿ? ಆದ್ರ ಆರಕ್ಕ ಹೊತ್ತ ಮುಳಗೂದ ನಾ ಮಾಡಿದ್ದಲ್ಲ. ಉಪವಾಸ ಬೀಳಾಕ ಮಗಳನ್ನ ಕಳಸಾಕಿ ಅಲ್ಲ ನಾ."

ಆಗ ಮಾಲಕಿ ಕೋಲು ಕುಟ್ಟಿದರು. ಒಳ್ಳೆಯ ಕಾಲಕ್ಕೆ ಕುಟ್ಟಿದರು, ಇಲ್ಲದಿದ್ದರೆ ನಾವಿಬ್ಬರೂ ಇನ್ನೆಲ್ಲಿಗೆ ಹೋಗಿ ಮುಟ್ಟುತ್ತಿದ್ದೆವೋ. "ಜಗಳ ಸಾಕ. ನಾಳಿ ಡಿಸೆಂಬರ. ಆರ ಗಂಟೆಕ್ಕ ಹೊತ್ತ ಮುಳಗತೈತಿ. ಭಾವೂ, ನೀ ಬಸ್ ಸ್ಟ್ಯಾಂಡಿಗೆ ಹೋಗಿ ನಿಂದರ. ಆರಕ್ಕ ತಾಟ ಬಡಿ, ಅದ ಹೊತ್ತ ಮುಳಗಿದ ಲೆಕ್ಕ. ತಾಟ ಬಡ್ಯೂದ್ರಾಗ ಹುಡುಗಿ ತಾ ಮಾಡಿದ್ದ ಉಂಡಿರಬೇಕ. ಉಂಡಿದ್ರ ಧಾರವಾಡ, ಇಲ್ಲಂದ್ರ ಅಥಣಿ. ಇನ್ನ ಮಾತಿಲ್ಲ."

ಹೀಗೆ ನಮ್ಮ ಹಿತ್ತಲಿಗೆ ಆಗಸ್ಟಿನಲ್ಲೇ ಡಿಸೆಂಬರ್ ಬಂತು. ಮರುದಿನ ಅತ್ತೆ ಪೆಟ್ಟಿಗೆಯಿಂದ ಸ್ವೆಟರ್ ತೆಗೆದು ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಜಗಲಿಯ ಮೇಲೆ ಬೆವರುತ್ತ ಕುಳಿತರು. ಹಾಲು ಒಯ್ಯಲು ಬಂದವರೆಲ್ಲ ಜ್ವರವೇ ಎಂದು ಕೇಳಿ ಹೋದರು. "ಇಲ್ರೀ, ಡಿಸೆಂಬರ," ಎಂದು ಅತ್ತೆ ಗಂಭೀರವಾಗಿ ಹೇಳುತ್ತಿದ್ದರು.

ನನಗೆ ನಗು ಬರಲಿಲ್ಲ. ಮಯೂರಿ ನಸುಕಿನಲ್ಲೇ ಎದ್ದು ಕೋಣೆಯಲ್ಲಿ ಏನೋ ಸದ್ದು ಮಾಡುತ್ತಿದ್ದಳು. ಬೆನ್ನಿಗೆ ಚೀಲ ಹಾಕಿಕೊಂಡು ಹೊರಟಾಗ ನನ್ನ ಕಿಟಕಿಯ ಕಡೆ ನೋಡಲಿಲ್ಲ. ಅವಳಿಗೆ ಸಾಧ್ಯವಿಲ್ಲ ಎಂದು ನನಗೆ ಖಾತ್ರಿ ಇತ್ತು. ಸೋತು ಅಳುತ್ತ ಬರುತ್ತಾಳೆ, ಬಂದ ಕೂಡಲೇ ಉಣ್ಣಲು ಕೂಡಿಸಬೇಕು, ನಿಜವಾದ ಹೊತ್ತು ಮುಳುಗಲು ಆಗ ಇನ್ನೂ ಅವಕಾಶ ಇರುತ್ತದೆ. ಹಾಗೆಂದು ಮಧ್ಯಾಹ್ನದಿಂದ ಅಡಿಗೆಗೆ ನಿಂತೆ. ಅವಳಿಗೆ ಸೇರುತ್ತದೆ ಎಂದು ಹೋಳಿಗೆ ಮಾಡಿದೆ, ಕಟ್ಟಿನ ಸಾರು ಮಾಡಿದೆ, ತುಂಬುಗಾಯಿ ಪಲ್ಯ ಮಾಡಿದೆ. ತುಪ್ಪದ ಡಬ್ಬಿಯಲ್ಲಿ ಚಮಚೆ ಮತ್ತೆ ಮತ್ತೆ ಇಳಿಯುವುದನ್ನು ನಮ್ಮವರು ನೋಡಿಯೂ ನೋಡದಂತೆ ಹೊರಗೆ ಹೋದರು. ಎಲ್ಲರೂ ಅವಳ ಜೊತೆಗೇ ಉಣ್ಣೋಣ ಎಂದು ಯಾರೂ ತಾಟು ಹಾಕಿಕೊಳ್ಳಲಿಲ್ಲ.

ಐದೂವರೆಗೆ ಮೂವರೂ ಬಸ್ ಸ್ಟ್ಯಾಂಡಿಗೆ ಹೋದೆವು. ಅತ್ತೆ ಸ್ವೆಟರಿನಲ್ಲೇ ಬಂದರು. ನಮ್ಮವರ ಒಂದು ಕೈಯಲ್ಲಿ ಹಿತ್ತಾಳೆ ತಾಟು, ಇನ್ನೊಂದು ಕೈಯಲ್ಲಿ ಸೌಟು. ಬಾಬಾಸಾಹೇಬನ ಚಹಾದಂಗಡಿಯ ಮುಂದೆ ನಿಂತೆವು. ಬಾಬಾಸಾಹೇಬ ತಾಟು ನೋಡಿ, "ಗ್ರಹಣ ಐತೇನ್ರಿ ಇವತ್ತ?" ಎಂದು ಕೇಳಿದ.

ದಿನದ ಬಸ್ಸು ಬರುವ ಹೊತ್ತಾಯಿತು, ಬರಲಿಲ್ಲ. ಫೋನು ಹಚ್ಚಿದೆವು, ಬಂದ್ ಇತ್ತು. ಅದು ನಮ್ಮವರು ಉಪಯೋಗಿಸಿ ಬಿಟ್ಟ ಫೋನು, ಮಧ್ಯಾಹ್ನ ದಾಟುವುದರೊಳಗೆ ಅದರ ಜೀವ ಹೋಗುತ್ತದೆ. ಹೊಸದು ಕೊಡಿಸಿ ಎಂದು ನಾನು ಎಷ್ಟು ಸಲ ಹೇಳಿಲ್ಲ? ಅದನ್ನು ಅಲ್ಲೇ ಮತ್ತೊಮ್ಮೆ ಹೇಳಿದೆ. ಅಷ್ಟರಲ್ಲಿ ಬೈಕಿನ ಮೇಲೆ ಬಂದವನೊಬ್ಬ ನಿಂತು, ಅಥಣಿ ದಾರಿಯಲ್ಲಿ ಲಾರಿಯೊಂದು ರಸ್ತೆಗೆ ಅಡ್ಡ ನಿಂತು ಬಸ್ಸುಗಳೆಲ್ಲ ಸಾಲಾಗಿವೆ, ಯಾರಿಗೂ ಏನೂ ಆಗಿಲ್ಲ ಎಂದ. ಉಸಿರು ಬಂತು. ಆದರೆ ಗಡಿಯಾರದಲ್ಲಿ ಆರು ಹೊಡೆಯಲು ಬಂದಿತ್ತು.

"ಆರಾತ, ಭಾವೂ. ಬಡಿ," ಎಂದರು ಅತ್ತೆ.

ಅವರು ಸೌಟು ಎತ್ತಿದರು. ಎತ್ತಿದ ಸೌಟು ಹಾಗೇ ನಿಂತಿತು. "ನನ್ನ ಗಡಿಯಾರ ಜರಾ ಮುಂದ ಐತಿ," ಎಂದು ಇಳಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಮತ್ತೆ ನೆನಪು ಮಾಡಿದರು. ಇವರು ತಾಟನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆಯ ಕಡೆ ನಡೆದರು, ಕತ್ತು ಚಾಚಿ ನೋಡಿದರು, ವಾಪಸು ಬಂದರು. "ಬಸ್ಸ ತಡಾ ಆಗಿದ್ದ ಅಕಿ ತಪ್ಪಲ್ಲವಾ. ಬರ್ಯಾ ಹೊಟ್ಟೀಲೇ ಅಲ್ಲಿ ಕುಂತಿರತಾಳ ಹುಡುಗಿ," ಎಂದು ಅತ್ತೆಯ ಮೇಲೇ ಸಿಡಿದರು. ಮೂರನೆಯ ಸಲ ಯಾರೂ ಬಡಿ ಅನ್ನಲಿಲ್ಲ. ನಾನು ಗಂಡನನ್ನು ನೋಡುತ್ತ ನಿಂತೆ. ಇಷ್ಟು ವರ್ಷ ಸಂಸಾರ ಮಾಡಿ, ಇವರು ಉಳಿಸುವುದೆಲ್ಲ ಯಾರಿಗಾಗಿ ಎಂದು ಒಮ್ಮೆಯೂ ಕೇಳಿರಲಿಲ್ಲ ನಾನು. ಆ ಹೊತ್ತಿನಲ್ಲಿ ಅವರ ಮೇಲೆ ಬಹಳ ಪ್ರೀತಿ ಬಂತು. ಹೇಳಲಿಲ್ಲ, ತಲೆಗೆ ಏರಿಸಿಕೊಂಡಾರು.

ಕಡೆಗೆ ಬಸ್ಸಿನ ದೀಪ ಕಂಡಿತು. ತುಂಬಿದ ಬಸ್ಸು. ಎಲ್ಲರನ್ನೂ ಇಳಿಯಲು ಬಿಟ್ಟು ಮಯೂರಿ ಕೊನೆಗೆ ಇಳಿದಳು. ತಾಟು ಹಿಡಿದ ಅಪ್ಪ, ಸ್ವೆಟರ್ ಹಾಕಿದ ಅಜ್ಜಿ, ಕಣ್ಣು ಒರೆಸಿಕೊಳ್ಳುವ ಅವ್ವ, ಮೂವರನ್ನೂ ಒಮ್ಮೆಗೇ ನೋಡಿ ಅವಳು ಗಾಬರಿಯಾದಳು.

"ಏನಾತ? ಎಲ್ಲಾರೂ ಯಾಕ ಬಂದೀರಿ?"

ನಮ್ಮವರು ತಾಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ಏನೂ ಆಗಿಲ್ಲ. ನಾ ಇನ್ನ ತಾಟ ಬಡದಿಲ್ಲ. ಬಡೀಲಾರದ ಹೊತ್ತ ಮುಳಗಾಂಗಿಲ್ಲ. ನಡಿ, ಲಗೂನ ನಡಿ, ಮಾಡಿಕೊಂಡ ಉಣ್ಣ. ನಾ ನಿಂತಿರತೇನಿ."

ಒಂದು ಕಾಳು ಅಕ್ಕಿ ಹೆಚ್ಚು ಕಡಿಮೆಯಾದರೆ ಲೆಕ್ಕ ಕೇಳುವ ಮನುಷ್ಯ ಸೂರ್ಯನನ್ನೇ ತಡೆಹಿಡಿಯಲು ನಿಂತಿದ್ದ. ಮಯೂರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ಬೆನ್ನಿನ ಚೀಲ ಮುಂದಕ್ಕೆ ತಂದು, ಒಳಗಿಂದ ಸ್ಟೀಲಿನ ಡಬ್ಬಿ ತೆಗೆದು ಅಲುಗಾಡಿಸಿದಳು. ಖಾಲಿ ಡಬ್ಬಿಯೊಳಗೆ ಚಮಚೆ ಸದ್ದು ಮಾಡಿತು.

"ನಾ ಉಂಡೇನಿ, ಅಪ್ಪಾ. ಐದಕ್ಕನ ಉಂಡೆ. ನಸಿಕಿನ್ಯಾಗ ಎದ್ದ ಎರಡೂ ಹೊತ್ತಿಂದ ಒಮ್ಮೆ ಮಾಡಿ ಕಟಕೊಂಡ ಹೋಗಿದ್ದೆ. ಲೈಬ್ರರಿ ಮುಂದ ಬೇವಿನ ಗಿಡ ಐತಲ್ಲ, ಅದರ ಬುಡಕ ಕುಂತ ಉಂಡ, ಕೈ ತೊಳಕೊಂಡ ಆಮ್ಯಾಲೆ ಬಸ್ಸ ಹತ್ತಿದೆ." ಆಮೇಲೆ ನನ್ನ ಕಡೆ ತಿರುಗಿ, ಧ್ವನಿ ಇಳಿಸಿ ಹೇಳಿದಳು. "ರಾತ್ರಿ ಸಿಟ್ಟ ಬಂದಿತ್ತ ನನಗ. ಮಕ್ಕೊಂಡ ಮ್ಯಾಲೆ ವಿಚಾರ ಮಾಡಿದೆ. ನೀ ಅಂದಿದ್ದ ಖರೇ ಇತ್ತ, ಅವ್ವಾ. ನೀ ಅನ್ನಲಿಲ್ಲಂದ್ರ ಡಿಸೆಂಬರದಾಗ ಅಳಕೋತ ಕುಂದರತಿದ್ದೆ."

ಎಷ್ಟು ಸುಲಭ! ಡಬ್ಬಿ ಕಟ್ಟಿಕೊಂಡು ಹೋಗುವುದು. ಹೊಲಕ್ಕೆ ಹೋಗುವವರಿಗೆ ದಿನವೂ ಬುತ್ತಿ ಕಟ್ಟುವ ನನಗೆ ಅದು ಹೊಳೆಯಲಿಲ್ಲ. ಮಗಳು ಸೋತು ಬರುತ್ತಾಳೆ ಅನ್ನುವುದರಲ್ಲೇ ನನ್ನ ತಲೆ ಮುಳುಗಿತ್ತು. ಅತ್ತೆ ಮೊಮ್ಮಗಳ ಗಲ್ಲ ಹಿಡಿದು ಅಲುಗಾಡಿಸಿ, "ಕ್ವಾಣಿ ನಿಮಗ ಕೊಟ್ಟೇನ್ರೀ," ಎಂದು ಘೋಷಿಸಿ ಮಫ್ಲರ್ ಬಿಚ್ಚಿದರು. ನಮ್ಮವರು ಸೌಟಿನಿಂದ ಗದ್ದ ಕೆರೆದುಕೊಂಡರು. "ಧಾರವಾಡ," ಎಂದರು, ಅಷ್ಟೇ. ಬಾಬಾಸಾಹೇಬ ಏನೂ ತಿಳಿಯದಿದ್ದರೂ ಚಪ್ಪಾಳೆ ಹೊಡೆದ.

"ಬರ್ರಿ, ಕುಂದರ್ರಿ. ಎಲ್ಲಾರಿಗೂ ಚಹಾ ಮಾಡತೇನಿ, ನನ್ನ ಲೆಕ್ಕದಾಗ," ಎಂದ ಬಾಬಾಸಾಹೇಬ.

ಪುಕ್ಕಟೆ ಚಹಾಕ್ಕೆ ಎಂದೂ ಬೇಡ ಅನ್ನದ ನಮ್ಮವರು ಬೆಂಚಿನ ಮೇಲೆ ಕುಳಿತೇಬಿಟ್ಟರು. ಮಯೂರಿ ಮಾತ್ರ ನಿಂತೇ ಇದ್ದಳು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ನೀವು ಉಂಡ ಬಂದೀರಿ ಹೌದಲ್ಲ?"

ನಾವು ಮೇಲೆ ನೋಡಿದೆವು. ಪಡುವಣ ಕಡೆ ಕೆಂಪು ಕೂಡ ಉಳಿದಿರಲಿಲ್ಲ. ಬಾಬಾಸಾಹೇಬನ ಅಂಗಡಿಯ ದೀಪಕ್ಕೆ ಆಗಲೇ ಹುಳು ಮುತ್ತಿದ್ದವು. ಆರರ ಸುಳ್ಳು ಹೊತ್ತನ್ನು ಕಾಯುತ್ತ ಕಾಯುತ್ತ ನಿಜವಾದ ಹೊತ್ತು ಯಾವಾಗ ಮುಳುಗಿತೋ ನಮಗೆ ಗೊತ್ತೇ ಆಗಿರಲಿಲ್ಲ. ಅಂಗಳ ನೋಡಿ ಉಣ್ಣುವವರು ನಾವು. ಎಪ್ಪತ್ತು ದಾಟಿದ ಅತ್ತೆಗೆ ತಿಳಿವಳಿಕೆ ಬಂದಾಗಿನಿಂದ ಹೀಗೆ ಹೊತ್ತು ತಪ್ಪಿದ್ದು ಇದೇ ಮೊದಲು. ಮನೆಯಲ್ಲಿ ಹೋಳಿಗೆ, ಸಾರು, ಪಲ್ಯ ಎಲ್ಲ ಮುಚ್ಚಿಟ್ಟು ಬಂದು, ಊರ ನಡುವೆ ಮೂರು ಜನ ದೊಡ್ಡವರು ಖಾಲಿ ಹೊಟ್ಟೆಯಲ್ಲಿ ಕುಳಿತಿದ್ದೆವು. ಉಂಡವಳು ಅವಳೊಬ್ಬಳೇ.

ಮೊದಲು ನಕ್ಕವರು ಅತ್ತೆ. ಸ್ವೆಟರಿನೊಳಗೆ ಮೈಯೆಲ್ಲ ಕುಲುಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ನಮ್ಮವರು, ಆಮೇಲೆ ನಾನು. ನಮ್ಮವರು ಚಹಾದ ಗ್ಲಾಸನ್ನು ಬಹಳ ದುಃಖದಿಂದ ಬಾಬಾಸಾಹೇಬನಿಗೆ ವಾಪಸು ಕೊಟ್ಟರು.

ಮನೆಗೆ ನಡೆದು ಬಂದೆವು. ಮಲಕಾರಿಯನ್ನು ಕೂಡಿಸಿ ಹೋಳಿಗೆ ಬಡಿಸಿದೆ. ಅವನಿಗೆ ಹೊತ್ತಿನ ನೇಮವಿಲ್ಲ. ಡಿಸೆಂಬರ್ ಇನ್ನೂ ಎಷ್ಟು ದಿನ ಇರುತ್ತದೆ ಎಂದು ಅವನು ತುಪ್ಪ ನೆಕ್ಕುತ್ತ ಕೇಳಿದ.

ನಾನು ಪಾತ್ರೆ ಎತ್ತಿಡುತ್ತಿದ್ದಾಗ ಮಯೂರಿ ಅಡಿಗೆ ಮನೆಗೆ ಬಂದಳು. ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಕೇಳಿದಳು. "ಅವ್ವಾ, ನಾ ಹೋದ ಮ್ಯಾಲೆ ನೀವು ಹೊತ್ತಿಗೆ ಸರಿಯಾಗಿ ಉಣ್ತೀರಿಲ್ಲೋ? ನನಗ ಅದ ಚಿಂತಿ ಆಗೈತಿ ಈಗ."

ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. ಇಷ್ಟು ದಿನ ಮನೆಯಲ್ಲಿ ಎಲ್ಲರೂ ಅವಳು ಹೋಗುತ್ತಾಳೋ ಇಲ್ಲವೋ ಎಂದು ಮಾತಾಡಿದ್ದೇ ಮಾತಾಡಿದ್ದು. ನಾನೂ ಆಡಿದ್ದೆ. ಆದರೆ ಅವಳ ಮುಖಕ್ಕೆ ಮುಖ ಕೊಟ್ಟು ಆ ಒಂದು ಮಾತನ್ನು ನಾನು ಆಡಿರಲಿಲ್ಲ.

"ಉಣ್ತೇವಿ," ಎಂದೆ. "ನೀ ಹೋಗ."